ಸಾಂಖಳಿಯ ಅಂಗಡಿಗೆ ಮೂರಡಿ ಹಲಗೆ

ಚೋರ್ಲಾ ಘಾಟ್

ನನ್ನ ಅಜ್ಜನಿಗೆ ಗೋವಾ ಪರದೇಶ. ಅವನು ಹುಡುಗನಾಗಿದ್ದಾಗ ಅಲ್ಲಿ ಪೋರ್ತುಗೀಜರಿದ್ದರು, ಘಟ್ಟ ಇಳಿಯಬೇಕೆಂದರೆ ಕೈಯಲ್ಲಿ ಪರವಾನಿಗೆ ಚೀಟಿ ಇರಬೇಕಿತ್ತಂತೆ. ಮುಂದೆ ಮಗಳನ್ನೇ ಅಲ್ಲಿಗೆ ಕೊಟ್ಟರೂ ಅವನ ಮಾತು ಬದಲಾಗಲಿಲ್ಲ. "ಹೊರದೇಶಕ್ಕ ಹೋಗಿ ಬರತೇನಿ" ಅಂತ ಹೇಳಿಯೇ ಬಸ್ಸು ಹತ್ತುತ್ತಿದ್ದ. ಆದ್ದರಿಂದ ನಾನೂ ಇದನ್ನು ವಿದೇಶ ಪ್ರವಾಸ ಅಂತಲೇ ಬರೆಯುತ್ತೇನೆ, ನಗಬೇಡಿ. ಪಾಸ್‌ಪೋರ್ಟ್ ಇರಲಿಲ್ಲ, ಆದರೆ ಸಾಮಾನು ಬೇಕಾದಷ್ಟಿತ್ತು: ಗೌಂಡಿಗಳು ಮಟ್ಟ ಹಿಡಿಯುವ ಮೂವತ್ತಡಿ ಪಾರದರ್ಶಕ ಪೈಪು, ಅಳತೆ ಟೇಪು, ಸೀಮೆಸುಣ್ಣ, ರಬ್ಬರ್ ಪಟ್ಟಿಯ ಸುರುಳಿ, ನಾಲ್ಕು ಸಿಲಿಕಾನ್ ಟ್ಯೂಬು.

ಪೈಪಿನೊಳಗೆ ಹಳೆಯ ನೀರು ಉಳಿದಿದೆ ಅನ್ನುವುದು ಗೊತ್ತಾಗಿದ್ದು ಚೋರ್ಲಾ ಘಾಟಿನ ತಿರುವಿನಲ್ಲಿ. ಬಸ್ಸು ಎಡಕ್ಕೆ ವಾಲಿತು, ಪೈಪಿನ ತುದಿ ಜಾರಿತು, ಪಕ್ಕದ ಹೆಂಗಸಿನ ಮಡಿಲಲ್ಲಿದ್ದ ಬೆಳಗಾವಿ ಕುಂದಾದ ಡಬ್ಬಿಯ ಮೇಲೆ ನೀರು ಸುರಿಯಿತು. ಆಕೆ ಮರಾಠಿಯಲ್ಲಿ ಬೈದರು, ಕಂಡಕ್ಟರ್ ಕನ್ನಡದಲ್ಲಿ ಬೈದ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತಿರುಗಿಕೊಂಡು ಕಿಟಕಿ ನೋಡುವ ನಾಟಕ ಆಡಲಿಕ್ಕೂ ಆಗಲಿಲ್ಲ. ನೆರೆಯಿಂದ ಜನರ ಸಾಮಾನು ಉಳಿಸುತ್ತೇನೆ ಅಂತ ಹೊರಟವಳು ಮೊದಲು ನೆನೆಸಿದ್ದು ಒಂದು ಡಬ್ಬಿ ಕುಂದಾ.

ನನಗೆ ಈ ನೆರೆಯ ಹುಚ್ಚು ಹತ್ತಿದ್ದು ರಾಮದುರ್ಗದಲ್ಲಿ. ಮಲಪ್ರಭೆ ಒಂದು ವರ್ಷ ಅಪ್ಪನ ಝೆರಾಕ್ಸ್ ಅಂಗಡಿಗೆ ಬಂದು ಮೂರು ದಿನ ನಿಂತಳು. ಮಷಿನ್ನಿನ ಹೊಟ್ಟೆಯಿಂದ ನಾನು ಒಂದು ಬಕೆಟ್ ಎರೆಮಣ್ಣು ತೆಗೆದೆ. ಆಮೇಲೆ ನದಿ ಯಾಕೆ ಉಕ್ಕುತ್ತದೆ, ನೀರು ಎಲ್ಲಿ ಹರಡುತ್ತದೆ, ಬಾಗಿಲಿಗೆ ಎಂಥ ತಡೆ ಕಟ್ಟುತ್ತಾರೆ ಅಂತ ಸಿಕ್ಕಿದ್ದೆಲ್ಲ ಓದಿದೆ, ಫೋನಿನಲ್ಲಿ ಸಿಕ್ಕಿದ ವಿಡಿಯೋ ಎಲ್ಲ ನೋಡಿದೆ. ಯಾರೂ ಕಲಿಸಲಿಲ್ಲ, ಹಾಗಾಗಿ ಯಾರೂ ತಡೆಯಲೂ ಇಲ್ಲ.

ಶ್ರಾವಣದಲ್ಲಿ ಗಂಗತ್ತೆಯ ಫೋನು ಬಂತು. ನನ್ನ ಅಪ್ಪನ ತಂಗಿ ಆಕೆ. ಗೋವಾದ ಸಾಂಖಳಿಯಲ್ಲಿ, ನದಿ ಪಕ್ಕದ ಪೇಟೆಯಲ್ಲಿ, ಆಕೆಯದೂ ಆಕೆಯ ಗಂಡ ಈರಣ್ಣ ಮಾಮಾಂದೂ ಕಿರಾಣಿ ಅಂಗಡಿ. ಹಿಂದಿನ ಎರಡು ಮಳೆಗಾಲವೂ ಅಂಗಡಿಯೊಳಗೆ ನೀರು ಬಂದಿತ್ತು. ಈಗ ಗಣೇಶ ಚೌತಿಗೆ, ಅಲ್ಲಿಯವರ ಬಾಯಲ್ಲಿ ಚವತ್‌ಗೆ, ಬೆಲ್ಲ ಸಕ್ಕರೆ ಅವಲಕ್ಕಿ ಎಲ್ಲ ತುಂಬಿಸಿಟ್ಟಾಗಿದೆ. ಇನ್ನೊಂದು ಸಲ ನೀರು ಒಳಗೆ ಬಂದರೆ ಶಟರ್ ಎಳೆದು ಧಾರವಾಡಕ್ಕೆ ಹೋಗಿಬಿಡೋಣ ಅಂತ ಮಾಮಾ ಹೇಳಿದ್ದರಂತೆ. ಅತ್ತೆಗೆ ಹೋಗುವುದು ಬೇಡ. ಮದುವೆಯಾಗಿ ಬಂದಾಗಿನಿಂದ ಆಕೆಯ ಜಗತ್ತೆಲ್ಲ ಆ ಪೇಟೆಯೇ.

"ನೀ ಏನೇನೋ ಓದೀಯಂತಲ್ಲ," ಅಂದಳು ಅತ್ತೆ. "ಬಂದು ಏನರೆ ಮಾಡವಾ."

ಇಷ್ಟು ಸಾಕಿತ್ತು ನನಗೆ.

ಸಾಂಖಳಿ, ಮೊದಲ ದಿನ

ನೆರೆ ತಡೆಯುವ ಕೆಲಸದಲ್ಲಿ ಮೊದಲ ಪಾಠ: ಹಿಂದಿನ ನೀರು ಎಷ್ಟು ಎತ್ತರ ಬಂದಿತ್ತು ಅಂತ ತಿಳಿಯಬೇಕು. ಸುಲಭ, ಗೋಡೆಯ ಮೇಲೆ ಗೆರೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಒಂದು ಗೋಡೆಯ ಮೇಲೂ ಗೆರೆ ಇಲ್ಲ. ಪ್ರತಿ ಚವತ್‌ಗೆ ಮುಂಚೆ ಪೇಟೆ ಪೂರ್ತಿ ಬಣ್ಣ ಬಳಿಯುತ್ತದೆ. ಗಣಪತಿ ಬರುವ ಮನೆಯಲ್ಲಿ ಕೆಸರಿನ ಗುರುತು ಇರಬಾರದು. ವರ್ಷವಿಡೀ ನದಿ ಬರೆದದ್ದನ್ನು ಇವರು ಭಕ್ತಿಯಿಂದ ಅಳಿಸುತ್ತಾರೆ!

ಸರಿ, ಬಾಯಲ್ಲೇ ಕೇಳೋಣ ಅಂತ ಟೇಪು ಹಿಡಿದು ನಿಂತೆ. ಮಾಮಾ ಮೊಣಕಾಲಿನ ತನಕ ಅಂದರು. ಅತ್ತೆ ತೊಡೆಯ ತನಕ ಅಂದಳು. ಮಾಮಾ ಆರಡಿ, ಅತ್ತೆ ಅವರ ಭುಜಕ್ಕೆ ಬರುತ್ತಾಳೆ, ಇಬ್ಬರೂ ಒಂದೇ ನೀರಿನ ಮಾತಾಡುತ್ತಿರಬಹುದು. ಪಕ್ಕದ ಅಂಗಡಿಯ ಟೇಲರ್ ದಾಮುಬಾಬ್ ಹೊಲಿಗೆ ಮಷಿನ್ನಿನ ಪೆಡಲ್ ಮುಳುಗಿ ಚಕ್ರ ಅರ್ಧ ಮುಳುಗಿತ್ತು ಅಂದರು. ಯಾವ ನೆಲದಿಂದ, ಒಳಗಿನ ನೆಲದಿಂದಲೋ ರಸ್ತೆಯಿಂದಲೋ ಅಂತ ಕೇಳಿದೆ. ಮೂವರೂ ನನ್ನನ್ನು ಒಂದೇ ಥರ ನೋಡಿದರು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಅದು ಅಂಗಡಿಯ ಹೊಸ್ತಿಲಿಗೆ ಸಮ ಆಗಿಬಿಟ್ಟಿದೆ. ಹಿಂದೆ ಮೂರು ಮೆಟ್ಟಿಲು ಇದ್ದವಂತೆ. ಎಲ್ಲಿ ಹೋದವು ಅಂತ ಯಾರಿಗೂ ಅನುಮಾನ ಬಂದಿಲ್ಲ.

ಕೊನೆಗೆ ಗುರುತು ಸಿಕ್ಕಿದ್ದು ಹಿಂದಿನ ಕೋಣೆಯ ಮರದ ಕಪಾಟಿನ ಬೆನ್ನಿಗೆ. ಅಲ್ಲಿಗೆ ಬಣ್ಣದವನ ಕೈ ಹೋಗಿರಲಿಲ್ಲ. ಕೆಂಪು ಗೆರೆ, ನೆಲದಿಂದ ಎರಡೂವರೆ ಅಡಿ. ಕುಣಿದಾಡುವಷ್ಟು ಖುಷಿ ಆಯಿತು. ಕಪಾಟು ಸರಿಸುವಾಗ ಅತ್ತೆಯ ಉಪ್ಪಿನಕಾಯಿ ಭರಣಿ ಒಡೆದದ್ದನ್ನು ಆಕೆ ಇನ್ನೂ ಮರೆತಿಲ್ಲ.

ಎರಡೂವರೆ ಅಡಿಗಿಂತ ಮೇಲೆ ಸಾಮಾನು ಇಟ್ಟರೆ ಕೆಲಸ ಮುಗಿಯಿತು, ಅಟ್ಟ ಖಾಲಿ ಇದೆ, ಚೀಲ ಎಲ್ಲ ಮೇಲೆ ಹಾಕಿ ಅಂತ ಹೇಳಿದೆ. ಮಾಮಾ ಮುಖ ಗಂಟಿಕ್ಕಿದರು. ಅವರ ಅಂಗಡಿಯಲ್ಲಿ ಬೆಲ್ಲ, ಸಕ್ಕರೆ, ಅಕ್ಕಿಯ ಚೀಲಗಳು ಬಾಗಿಲ ಬಾಯಲ್ಲೇ ಸಾಲಾಗಿ ನಿಂತಿರುತ್ತವೆ, ಬಾಯಿ ಸುತ್ತ ಮಡಚಿರುತ್ತದೆ, ಗಿರಾಕಿ ಬಂದವನೇ ಕೈ ಹಾಕಿ ನೋಡಬೇಕು. ಅವರ ಅಪ್ಪ ಧಾರವಾಡದಲ್ಲಿ ಹಾಗೆಯೇ ಇಡುತ್ತಿದ್ದರು.

"ಚೀಲ ಮ್ಯಾಲ ಹೋದ್ರ ಅಂಗಡಿ ಮುಚ್ಚಾಕತ್ತಾನ ಅಂತಾರ ಮಂದಿ," ಅಂದರು. "ಚೀಲ ಇದ್ದಲ್ಲೇ ಇರತಾವ. ನೀ ನೀರಿಗೆ ಏನರೆ ಹೇಳು."

ಹಾಗಾದರೆ ಬಾಗಿಲಿಗೇ ತಡೆ ಅಂತ ತೀರ್ಮಾನಿಸಿದೆ. ಶಟರಿನ ಎರಡೂ ಪಕ್ಕದ ಗೋಡೆಗೆ ಕಬ್ಬಿಣದ ಚಾನಲ್ಲು, ಅದರೊಳಗೆ ಇಳಿಬಿಡುವ ಮೂರಡಿ ಎತ್ತರದ ಹಲಗೆ, ಸುತ್ತ ರಬ್ಬರು. ನೀರು ಬರುವಾಗ ಇಳಿಸಬೇಕು, ಹೋದಮೇಲೆ ತೆಗೆಯಬೇಕು. ಮಾಮಾ ಒಪ್ಪಿದರು. ಆದರೆ ಗೋಡೆ ಮುಟ್ಟುವವನು ಗೌಂಡಿ ಯಮನಪ್ಪನೇ ಆಗಬೇಕು. ಯಮನಪ್ಪ ಎಲ್ಲಿ? ಸಡಾದಲ್ಲಿ. ಅಂದರೆ ಗೋವಾದ ಆ ತುದಿ, ಮುರಗಾವ್ ಬಂದರಿನ ನೆತ್ತಿಯ ಮೇಲೆ. ಇದೇ ಓಣಿಯಲ್ಲಿ ಇಬ್ಬರು ಗೌಂಡಿಗಳಿದ್ದಾರೆ, ಒಬ್ಬನ ಮನೆ ಅಂಗಡಿಯಿಂದ ಕಾಣುತ್ತದೆ. ಅವರು ನಮ್ಮ ಕಡೆಯವರಲ್ಲ ಅಂದರು ಮಾಮಾ. ಇಟ್ಟಿಗೆಗೆ ಕನ್ನಡ ಬರಬೇಕೇನು? ಫೋನಿನಲ್ಲಿ ಕರೆದರೂ ಆಗದು, ಮನೆಗೆ ಹೋಗಿ ಕರೆಯಬೇಕು, ಅದು ರೀತಿ.

ಸಡಾ

ಸಾಂಖಳಿಯಿಂದ ಪಣಜಿ, ಪಣಜಿಯಿಂದ ವಾಸ್ಕೋ, ಅಲ್ಲಿಂದ ಗುಡ್ಡ ಹತ್ತುವ ಇನ್ನೊಂದು ಬಸ್ಸು. ಅರ್ಧ ದಿನ ಹೋಯಿತು. ವಾಸ್ಕೋ ದಾಟಿದ ಮೇಲೆ ಕಿವಿಗೆ ವಿಚಿತ್ರ ಅನುಭವ: ಮುಂದಿನ ಸೀಟಿನಲ್ಲಿ ವಿಜಯಪುರ, ಹಿಂದಿನ ಸೀಟಿನಲ್ಲಿ ಬಾಗಲಕೋಟೆ, ಡ್ರೈವರಿಗೆ ಬೈಯುತ್ತಿದ್ದವನು ಖಾಸಾ ಮುದ್ದೇಬಿಹಾಳದವನು. ಹೊರದೇಶಕ್ಕೆ ಬಂದು ಊರಿನ ಬಸ್‌ಸ್ಟ್ಯಾಂಡಿನಲ್ಲೇ ಇಳಿದ ಹಾಗಾಯಿತು.

ಯಮನಪ್ಪ ಐವತ್ತು ದಾಟಿದ ಸಣಕಲು ಮನುಷ್ಯ. ಇಳಿಜಾರಿನ ಮೇಲೆ ಒಂದರ ಹೆಗಲ ಮೇಲೆ ಒಂದು ಹತ್ತಿ ಕೂತ ಮನೆಗಳಲ್ಲಿ ಅವರದೊಂದು. ಕೆಳಗೆ ಬಂದರಿನ ಕ್ರೇನುಗಳು, ಆಚೆ ಮಳೆಯಲ್ಲಿ ಬೂದಿಬಣ್ಣದ ಸಮುದ್ರ. ಅವರ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿಟ್ಟು, ಇಲ್ಲಿ ನೀರು ನಿಲ್ಲುವ ಭಯ ಇಲ್ಲ, ಓಡಿಹೋಗುತ್ತದೆ, ಓಡುವಾಗ ಯಾರ ಮನೆಯ ಹಿಂದಿನ ಗೋಡೆ ಎಳೆದುಕೊಂಡು ಹೋಗುತ್ತದೋ ಅನ್ನುವ ಭಯ ಮಾತ್ರ ಇದೆ ಅಂದರು. ನಾನು ರೊಟ್ಟಿ ಮುರಿಯುತ್ತ ನನ್ನ ಹಲಗೆಯ ಚಿತ್ರ ಬಿಡಿಸಿ ತೋರಿಸಿದೆ. ರಬ್ಬರ್ ಪಟ್ಟಿ ಹೇಗೆ ನೀರಿನ ಒತ್ತಡಕ್ಕೇ ಇನ್ನಷ್ಟು ಬಿಗಿಯಾಗುತ್ತದೆ ಅಂತ ವಿವರಿಸಿದೆ. ಯಮನಪ್ಪ ಪೂರ್ತಿ ಕೇಳಿದರು. ಆಮೇಲೆ ಕೈ ತೊಳೆದು ಬಂದು ಹೇಳಿದರು:

"ತಂಗೆವ್ವಾ, ಮುಂದಿಂದು ಖರೇ ಐತಿ. ಆ ಅಂಗಡಿ ಹಿಂದಿನ ಬಚ್ಚಲ ಪೈಪ ನಾನ ಹಾಕೇನಿ. ನೆಟ್ಟಗ ಗಟಾರಕ್ಕ ಹೋಗೇತಿ. ಗಟಾರ ತುಂಬಿದ್ರ ಆ ನೀರು ಎಲ್ಲೆ ಬರಬೇಕು, ಹೇಳು ನೋಡೂಣು?"

ಹೌದು ಕಾಕಾ, ಅದನ್ನೂ ನೋಡೋಣ ಅಂದೆ. ಅಂದದ್ದು ನೆನಪಿದೆ. ತಲೆ ಆಡಿಸಿದ್ದೂ ನೆನಪಿದೆ. ಆದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ರಬ್ಬರ್ ಪಟ್ಟಿ ಒಂದೇ.

ಸಾಂಖಳಿ, ಹಲಗೆಯ ದಿನ

ಯಮನಪ್ಪನ ಕೈ ಚಲೋ. ಒಂದೇ ದಿನದಲ್ಲಿ ಎರಡೂ ಚಾನಲ್ಲು ಕೂರಿಸಿದರು. ಬಡಿಗ ಹಲಗೆ ತಂದ, ನಾನು ರಬ್ಬರು ಅಂಟಿಸಿದೆ. ಹಲಗೆ ಇಳಿಸಿ ಹೊರಗಿನಿಂದ ಹತ್ತು ಬಕೆಟ್ ನೀರು ಎರಚಿದೆ. ಒಳಗೆ ಒಂದು ಹನಿ ಇಲ್ಲ. ಪೇಟೆಯ ಜನ ನಿಂತು ನೋಡಿದರು. ಮಳೆಗಾಲದಲ್ಲಿ ತನ್ನ ಅಂಗಡಿಗೆ ತಾನೇ ನೀರು ಎರಚಿಕೊಳ್ಳುವ ಘಾಟಿಯವರನ್ನು ಅವರು ಮೊದಲು ನೋಡಿದ್ದು ಅಂತ ಕಾಣುತ್ತದೆ. ಘಟ್ಟದ ಮೇಲಿನಿಂದ ಬಂದ ನಮಗೆಲ್ಲ ಇಲ್ಲಿ ಅದೇ ಹೆಸರು.

ದಾಮುಬಾಬ್ ಕೂಡ ನಕ್ಕರು. ಅವರ ಕಥೆ ಬೇರೆ. ಅಂಗಡಿಯ ತೊಲೆಗೆ ಒಂದು ಗಡಗಡಿ ಕಟ್ಟಿದ್ದಾರೆ, ಅಂದರೆ ಬಾವಿಯ ರಾಟೆ. ನೀರು ಬರುತ್ತದೆ ಅಂದರೆ ಹೊಲಿಗೆ ಮಷಿನ್ನುಗಳನ್ನು ಒಂದೊಂದಾಗಿ ಹಗ್ಗಕ್ಕೆ ಕಟ್ಟಿ ಎಳೆದು ಅಟ್ಟದ ಮೇಲೆ ಇಡುತ್ತಾರೆ, ಶಟರು ಎಳೆಯುತ್ತಾರೆ, ಚಹಾಕ್ಕೆ ಹೋಗುತ್ತಾರೆ. ನೀರು ಒಳಗೆ ಬರುತ್ತದೆ, ಹೋಗುತ್ತದೆ. ತೊಳೆದು ಮತ್ತೆ ಮಷಿನ್ ಇಳಿಸುತ್ತಾರೆ. "ಉದಕ ಯೆತಾ, ವತಾ" ಅಂದರು, ನೀರು ಬರ್ತದೆ, ಹೋಗ್ತದೆ. ಇದೇನು ಸೋಮಾರಿತನ, ನೀರನ್ನು ನೆಂಟರ ಹಾಗೆ ಒಳಗೆ ಬಿಟ್ಟುಕೊಳ್ಳುವುದೇ ಅಂತ ನನಗೆ ರೇಗಿತು. ನಮ್ಮೂರಿನವರೂ ಇಂಥವರೇ. ನದಿಯಿಂದ ದೂರ ಎತ್ತರದಲ್ಲಿ ಹೊಸ ಮನೆ ಕಟ್ಟಿಕೊಟ್ಟರೆ ಅಲ್ಲಿ ಮೇವು ಒಟ್ಟಿ, ತಾವು ದಂಡೆಯ ಮೇಲಿನ ಹಳೇ ಮನೆಯಲ್ಲೇ ಮಲಗುತ್ತಾರೆ.

ಯಮನಪ್ಪ ಸಂಜೆ ಕೈಕಾಲು ತೊಳೆದು, ಇನ್ನರ್ಧ ದಿನ ನಿಂತು ಬಚ್ಚಲ ಪೈಪು ನೋಡಲಾ ಅಂತ ಕೇಳಿದರು. ನಾನು ಬೇಡ ಅಂದೆ. ಆ ಅರ್ಧ ದಿನದಲ್ಲಿ ಚಾನಲ್ಲಿನ ಅಂಚಿಗೆ ಇನ್ನೊಂದು ಕೈ ಸಿಮೆಂಟ್ ಹಾಕಿಕೊಡಿ ಅಂದೆ. ಅವರು ಮಾಮಾ ಕಡೆ ನೋಡಿದರು. ಓದಿದ ಹುಡುಗಿ ಹೇಳುತ್ತಾಳೆ ಅಂತ ಮಾಮಾ ಕೈ ಎತ್ತಿದರು. ಯಮನಪ್ಪ ಎರಡನೇ ಕೈ ಸಿಮೆಂಟ್ ಹಾಕಿ, ಸಡಾದ ಬಸ್ಸು ಹಿಡಿದರು.

ನೀರು ಬಂದ ಮಧ್ಯಾಹ್ನ

ಎರಡು ದಿನ ಬಿಟ್ಟು, ಊಟದ ಹೊತ್ತು. ನನ್ನ ಫೋನಿನ ಮಳೆ ನಕ್ಷೆಯಲ್ಲಿ ಒಂದು ಮೋಡದ ಚಿತ್ರ ಬಿಟ್ಟು ಏನೂ ಇರಲಿಲ್ಲ. ದಾಮುಬಾಬ್ ಮಷಿನ್ ಎಳೆಯಲು ಶುರು ಮಾಡಿದ್ದರು. ಏನು ವಿಷಯ ಅಂದರೆ, ಘಟ್ಟದ ಬುಡದಲ್ಲಿ ಅವರ ತಂಗಿಯ ಮನೆ ಇದೆಯಂತೆ, ಮನೆ ಮುಂದೆ ಹೊಳೆ, ಹೊಳೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಕಲ್ಲು ಮುಳುಗಿ ನೀರು ಕೆಂಪಾದರೆ ಆಕೆ ಫೋನು ಮಾಡುತ್ತಾಳೆ. ಅಲ್ಲಿಂದ ಇಲ್ಲಿಗೆ ಬರಲು ಎರಡು ತಾಸು. ಮಲಪ್ರಭೆ ನಮ್ಮೂರಿಗೆ ಡಂಗುರ ಹೊಡೆಸಿಕೊಂಡು ಬರುತ್ತಾಳೆ, ಡ್ಯಾಮಿನಿಂದ ನೀರು ಬಿಡುತ್ತಾರೆ ಅಂತ ಹಿಂದಿನ ದಿನವೇ ಸುದ್ದಿ. ಇಲ್ಲಿ ಸುದ್ದಿ ತರುವುದು ಒಂದು ಒಗೆಯುವ ಕಲ್ಲು.

ನಾನು ಹಲಗೆ ಇಳಿಸಿದೆ. ಸಂಶಯ ಬಂದು ಅಡಿಯ ಸಂದಿಗೆ ಸಿಲಿಕಾನ್ ಕೂಡ ತುಂಬಿದೆ, ನಾಲ್ಕೂ ಟ್ಯೂಬು.

ಸರಿಯಾಗಿ ಎರಡು ತಾಸಿಗೆ ರಸ್ತೆ ಕೆಂಪಾಯಿತು. ನೀರು ಹಲಗೆಯ ಪಾದಕ್ಕೆ ಬಂತು, ಒಂದಡಿ ಏರಿತು, ಒಂದೂವರೆ ಏರಿತು. ಒಳಗೆ ನೆಲ ಒಣಗಿ ಖಣಖಣ ಅನ್ನುತ್ತಿತ್ತು. ಬೆಲ್ಲದ ಚೀಲಗಳು ಬಾಯಿ ಮಡಚಿಕೊಂಡು ಹಾಗೇ ನಿಂತಿದ್ದವು. ಮಾಮಾ ಹಲಗೆಯ ಮೇಲಿನಿಂದ ಬಗ್ಗಿ ಹೊರಗೆ ನೋಡಿದರು, ನೆಲ ನೋಡಿದರು, ನನ್ನನ್ನು ನೋಡಿ "ಭೇಷ್" ಅಂದರು. ನಾನು ಹದಿನೈದು ಫೋಟೋ ತೆಗೆದೆ. ಹದಿನಾರನೆಯದಕ್ಕೆ ಕೈ ಎತ್ತಿದಾಗ ಒಳಗಿನಿಂದ ಅತ್ತೆಯ ದನಿ ಬಂತು, ಸಾವಧಾನದ ದನಿ.

"ನೀಲಾ, ಬಚ್ಚಲ ಗುಳುಗುಳು ಅನ್ನಾಕತ್ತೈತಿ. ಇದು ಹಿಂಗ ಅನಬೇಕೇನವಾ?"

ಓಡಿಹೋಗಿ ನೋಡಿದರೆ ಬಚ್ಚಲಿನ ತೂತಿನಿಂದ ನೀರು ಬುಗ್ಗೆಯಾಗಿ ಏಳುತ್ತಿತ್ತು. ಬಚ್ಚಲ ಕಟ್ಟೆ ದಾಟಿತು, ಕೋಣೆಗೆ ಬಂತು, ಅಂಗಡಿಗೆ ನಡೆಯಿತು. ಗೋಣಿಚೀಲ ತುರುಕಿದೆ, ಅದರ ಮೇಲೆ ರುಬ್ಬುಗುಂಡು ಇಟ್ಟೆ. ಅಷ್ಟರಲ್ಲಿ ನನ್ನ ಪಾದ ಮುಳುಗಿತ್ತು. ಗುಂಡಿನ ಪಕ್ಕದಿಂದ ನೀರು ಬರುತ್ತಲೇ ಇತ್ತು. ನಾನು ಬೇಡ ಅಂದ ಆ ಅರ್ಧ ದಿನ ಕಣ್ಣ ಮುಂದೆ ಉಕ್ಕುತ್ತಿತ್ತು ಅಂದರೆ ತಪ್ಪಿಲ್ಲ.

ಮಾಮಾ ಬೆಲ್ಲದ ಚೀಲ ಅಪ್ಪಿಕೊಂಡು ಎತ್ತಲು ನೋಡಿದರು, ಆಗಲಿಲ್ಲ. ಅತ್ತೆ ಶಟರಿನ ಬಾಯಿಗೆ ಹೋಗಿ ದಾಮುಬಾಬರನ್ನು ಕೂಗಿದಳು. ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಆ ಮನುಷ್ಯ ಲುಂಗಿ ಎತ್ತಿ ಕಟ್ಟಿ, ತೊಡೆಮಟ್ಟ ನೀರಿನಲ್ಲಿ ತಮ್ಮ ಅಂಗಡಿಗೆ ಹೋಗಿ, ಗಡಗಡಿ ಹಗ್ಗ ಸಮೇತ ಬಿಚ್ಚಿಕೊಂಡು ನನ್ನ ಹಲಗೆ ಹಾರಿ ಒಳಗೆ ಬಂದರು. ನಮ್ಮ ತೊಲೆಗೆ ಅದನ್ನು ಕಟ್ಟಿದರು. ಅವರು ಎಳೆದರು, ಮಾಮಾ ಕೆಳಗಿನಿಂದ ದಬ್ಬಿದರು, ನಾನು ಅಟ್ಟದ ಮೇಲೆ ನಿಂತು ಚೀಲ ಹಿಡಿದುಕೊಂಡೆ. ಬೆಲ್ಲ ಪೂರ್ತಿ ಮೇಲೆ ಹೋಯಿತು, ಅವಲಕ್ಕಿ ಹೋಯಿತು, ಅಕ್ಕಿ ಮುಕ್ಕಾಲು ಹೋಯಿತು. ಸಕ್ಕರೆಯ ಸಾಲು ಎಲ್ಲಕ್ಕಿಂತ ಹಿಂದೆ, ಬಚ್ಚಲಿನ ನೀರು ಬರುವ ದಾರಿಗೇ ಇತ್ತು. ಅದು ನಾವು ತಲುಪುವ ಮೊದಲೇ ಕುಸಿಯಿತು.

ಕತ್ತಲಾಗುವ ಮೊದಲೇ ಹೊರಗೆ ನೀರು ಇಳಿಯಿತು. ರಸ್ತೆ ಕಂಡಿತು, ಜನ ಪೊರಕೆ ಹಿಡಿದು ಹೊರಬಂದರು. ನಮ್ಮ ಅಂಗಡಿಯೊಳಗೆ ಮಾತ್ರ ನೀರು ಹಾಗೇ ನಿಂತಿತ್ತು. ಬಚ್ಚಲಿನ ಗೋಣಿಚೀಲ ಪೈಪಿನೊಳಕ್ಕೆ ಜಗ್ಗಿಕೊಂಡು ಹೋಗಿ ಬಿರಡೆಯಾಗಿ ಕೂತಿತ್ತು. ಮುಂದೆ ನನ್ನ ಹಲಗೆ, ಎರಡು ಕೈ ಸಿಮೆಂಟು, ನಾಲ್ಕು ಟ್ಯೂಬು ಸಿಲಿಕಾನು. ಒಂದು ಹನಿಯೂ ಹೊರಗೆ ಹೋಗದ ಹಾಗೆ ಕಟ್ಟಿದ್ದೆ.

ಮಾಮಾ ಆ ಸಕ್ಕರೆ ನೀರಿನಲ್ಲಿ ನಿಂತು ಬಹಳ ಮೆಲ್ಲಗೆ ಹೇಳಿದರು: "ತಗೀವಾ ನಿನ್ನ ಹಲಗಿ."

ತೆಗೆಯಲಿಕ್ಕೆ ಬರಲಿಲ್ಲ. ಉಬ್ಬಿ ಚಾನಲ್ಲಿಗೆ ಕಚ್ಚಿತ್ತು. ಕೊನೆಗೆ ಓಣಿಯ ಗೌಂಡಿ, ನಮ್ಮ ಕಡೆಯವನಲ್ಲದ ಆ ಗೌಂಡಿ, ಸುತ್ತಿಗೆ ತಂದು ಒಡೆದ. ಆಗಷ್ಟೇ ಗುಡಿಸಿ ಮುಗಿಸಿದ್ದ ರಸ್ತೆಗೆ ನಮ್ಮ ಅಂಗಡಿಯ ನೀರು ಧುಮುಕಿತು. ಸಾಂಖಳಿಯ ಪೇಟೆಗೆ ಆ ದಿನ ಎರಡು ನೆರೆ ಬಂದವು. ಒಂದು ಘಟ್ಟದಿಂದ, ಇನ್ನೊಂದು ನನ್ನಿಂದ.

ಮರುದಿನ, ಮತ್ತೆ ಊರು

ಬೆಳಗ್ಗೆ ಅತ್ತೆ ಚಹಾ ಸೋಸಿದಳು, ಬಟ್ಟಲು ಇಡುವಾಗ ಮಾಮಾನ ಮುಖ ನೋಡಲಿಲ್ಲ. ನೀರು ಒಳಗೆ ಬಂದಿತ್ತು, ಮಾಮಾ ಮಾತು ಆಡಿಯಾಗಿತ್ತು. ಗೋಡೆಗೆ ಒರಗಿ ಕೂತು ಧಾರವಾಡದ ಬಸ್ಸಿನ ಹೊತ್ತು ನಾನೇ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಮಾಮಾ ಎದ್ದು ಅಂಗಡಿಗೆ ಹೋದರು. ಅಟ್ಟದ ಮೇಲಿನ ಬೆಲ್ಲದ ಚೀಲಗಳ ಕೆಳಗೆ ನಿಂತು ಬಹಳ ಹೊತ್ತು ತೊಲೆಯನ್ನು ನೋಡಿದರು. ಆಮೇಲೆ ದಾಮುಬಾಬರನ್ನು ಕರೆದು ಹಿಂದಿಯಲ್ಲಿ ಕೇಳಿದ್ದು ಇಷ್ಟೇ: ಈ ಗಡಗಡಿ ಎಲ್ಲಿ ಸಿಗುತ್ತದೆ?

ಅತ್ತೆ ಒಳಗಿನಿಂದಲೇ ನನಗೆ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿದಳು.

ಸಡಾಕ್ಕೆ ಈ ಸಲ ಯಾರೂ ಹೇಳದೆಯೇ ಹೋದೆ. ಯಮನಪ್ಪ ಬಂದು, ಪೈಪಿನಿಂದ ಗೋಣಿಚೀಲ ಎಳೆದು ತೆಗೆದು, ಅದರ ಹೊರಬಾಯಿಗೆ ಒಂದು ಮುಚ್ಚಳ ಕೂರಿಸಿದರು. ಒಳಗಿನ ನೀರು ನೂಕಿದರೆ ತೆರೆಯುತ್ತದೆ, ಗಟಾರದ ನೀರು ನೂಕಿದರೆ ಮುಚ್ಚಿಕೊಳ್ಳುತ್ತದೆ. ಅರ್ಧ ದಿನದ ಕೆಲಸ. ಹೊಸ ಹಲಗೆಯನ್ನು ಎರಡು ತುಂಡಾಗಿ ಮಾಡಿಸಿದೆವು, ಬಣ್ಣ ಬಳಿದು, ಸಡಿಲವಾಗಿ, ರಬ್ಬರು ಅಂಟಿಸಿ, ಸಿಲಿಕಾನ್ ಇಲ್ಲದೆ. ಚೀಲಗಳು ಬಾಗಿಲ ಬಾಯಲ್ಲೇ ಉಳಿದವು. ಆದರೆ ಪ್ರತಿ ಚೀಲದ ಬುಡಕ್ಕೂ ಈಗ ಒಂದು ಹಗ್ಗದ ಬಲೆ, ಹೊಸ ಗಡಗಡಿಯ ಕೊಂಡಿ ಸಿಕ್ಕಿಸಿ ಎಳೆದರೆ ಮೇಲೆ. ದಾಮುಬಾಬರ ತಂಗಿಯ ಫೋನ್ ನಂಬರು ಗೋಡೆಗೆ ಅಂಟಿತು.

ಹೊರಡುವ ಮುಂಚೆ ಹೊಸ್ತಿಲ ಪಕ್ಕದ ಗೋಡೆಗೆ ನೆಲದಿಂದ ಅಡಿ ಅಡಿಗೂ ಗೆರೆ ಎಳೆದು, ಟೇಪನ್ನು ಮೊಳೆಗೆ ತೂಗುಹಾಕಿ, ಮುಂದೆ ನೀರು ಬಂದರೆ ಇಲ್ಲಿಂದ ಅಳೆಯಿರಿ, ಮೊಣಕಾಲು ತೊಡೆ ಅನ್ನಬೇಡಿ ಅಂತ ಹತ್ತು ಸಲ ಹೇಳಿ ಬಂದೆ. ವಾಪಸ್ ಬರುವಾಗ ಪೈಪು ಅಲ್ಲೇ ಬಿಟ್ಟೆ. ಬಸ್ಸಿನಲ್ಲಿ ಯಾರೂ ಬೈಯಲಿಲ್ಲ.

ಚವತ್‌ಗೆ ನಾಲ್ಕು ದಿನ ಇದೆ ಅನ್ನುವಾಗ ಅತ್ತೆಯ ಫೋನು. ಹಿಂದೆ ಮಳೆಯ ಸದ್ದು, ಗಡಗಡಿಯ ಕಿರ್ರ್ ಸದ್ದು, ಮಾಮಾ ಯಾರಿಗೋ ಹಿಡಿ ಹಿಡಿ ಅನ್ನುವ ಸದ್ದು. ಕಲ್ಲು ಮುಳುಗಿದೆ ಅಂತ ಊಟಕ್ಕೆ ಮುಂಚೆಯೇ ಸುದ್ದಿ ಬಂದಿತ್ತಂತೆ, ಈಗ ರಸ್ತೆಯೆಲ್ಲ ಕೆಂಪು ಅಂದಳು. ಗೋಡೆಯ ಗೆರೆ ನೋಡು ಅಂದೆ. ಮೊನ್ನೆಯೇ ಬಣ್ಣ ಬಳಿಸಿದ್ದೇವೆ, ಹಬ್ಬ ಅಲ್ಲವೇ ಅಂದಳು. ನಾನು ಹಣೆ ಹಣೆ ಬಡಿದುಕೊಂಡು, ಟೇಪಾದರೂ ಇದೆಯಾ ಅಂತ ಕೇಳಿದೆ. ಇದೆ, ಹಿಡಿದಿದ್ದೇನೆ, ಹದಿನೇಳು ಇಂಚು ಅಂದಳು.

"ಎಲ್ಲಿಂದ ಅತ್ತಿ? ರಸ್ತಾದಿಂದನೋ, ಒಳಗಿನ ನೆಲದಿಂದನೋ?"

ಆಚೆ ಟೇಪು ಸರ್ರನೆ ಸುತ್ತಿಕೊಂಡ ಸದ್ದು ಕೇಳಿಸಿತು.

"ನೀ ಎಲ್ಲಿಂದರೆ ಅಳಕೋ ಮಾರಾಯತಿ," ಅಂದಳು ಅತ್ತೆ. "ಒಳಗ ಬಂದಿಲ್ಲ."